ಆರೂವರೆ ಬ್ಯಾಂಡ್ ಬಂದರೆ ಸಾಕಾ? ವಿದೇಶಕ್ಕೆ ಹೊರಟ ಮಕ್ಕಳ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಮನೆಯವರು ತಿಳಿದಿರಬೇಕಾದದ್ದು

ಗಲ್ಫ್‌ಗೆ ಹೊರಟವನಿಗೆ ನಮ್ಮ ಊರುಗಳಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಮೂರೇ. ವೀಸಾ ಯಾರು ಕೊಟ್ಟದ್ದು, ಮೆಡಿಕಲ್ ಆಯಿತಾ, ಟಿಕೆಟ್ ಯಾವಾಗ. ಇಂಗ್ಲಿಷ್ ಬರ್ತದಾ ಅಂತ ಯಾರೂ ಕೇಳಲಿಲ್ಲ. ಹೋದವರು ಅರಬಿ, ಹಿಂದಿ, ಮಲಯಾಳ ಎಲ್ಲ ಬೆರೆಸಿ ಮಾತಾಡಿ ಅಂಗಡಿ ನಡೆಸಿದರು, ಮನೆ ಕಟ್ಟಿಸಿದರು, ತಂಗಿಯಂದಿರ ಮದುವೆ ಮಾಡಿಸಿದರು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗುತ್ತದೆ, ಅವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಆದರೆ ಅದು ಭಾಷೆಯ ಪರೀಕ್ಷೆ ಅಲ್ಲ.

ಈಗ ಅವರ ಮಕ್ಕಳ ಕಾಲ. ಮಗ ಎಂಬಿಎ ಮಾಡಲು ಲಂಡನ್ ಅಂತಾನೆ, ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಬ್ರಿಟನ್‌ನ ಆಸ್ಪತ್ರೆಗೆ ಅರ್ಜಿ ಹಾಕಬೇಕು ಅಂತಾಳೆ, ಇನ್ನೊಬ್ಬನಿಗೆ ಕೆನಡಾ. ಈ ದಾರಿಗಳ ಬಾಗಿಲಲ್ಲಿ ಒಂದು ಇಂಗ್ಲಿಷ್ ಪರೀಕ್ಷೆ ಉಂಟು. ಕೋರ್ಸಿನ ಫೀಸು ಲಕ್ಷಗಟ್ಟಲೆ ಇರುವಾಗ ಅದಕ್ಕೆ ಮೊದಲು ಬರುವ ಈ ಪರೀಕ್ಷೆಯನ್ನು ಮನೆಯವರು ಸಣ್ಣ ವಿಷಯ ಅಂತ ಏಜೆಂಟರ ಕೈಗೆ ಬಿಟ್ಟುಬಿಡುತ್ತಾರೆ. ಅಲ್ಲಿಂದಲೇ ತೊಂದರೆ ಶುರುವಾಗುವುದು. ಮಗ್ರಿಬ್ ನಂತರ ಮಸೀದಿ ಜಗಲಿಯಲ್ಲಿ ಕಾಗದ ಹಿಡಿದುಕೊಂಡು ಬಂದು “ಉಸ್ತಾದ್, ಇದರಲ್ಲಿ ಏನು ಬರೆದದ್ದು, ಸ್ವಲ್ಪ ನೋಡಿ” ಅಂತ ಕೇಳುವ ತಂದೆಯರು ಈಗ ಹೆಚ್ಚಾಗಿದ್ದಾರೆ. ಮದ್ರಸದಲ್ಲಿ ಪಾಠ ಮಾಡುವವನಿಗೆ ಇದರಲ್ಲೇನು ಕೆಲಸ ಅಂತ ಅನಿಸಬಹುದು. ಆದರೆ ಸೋತರೆ ಸಾಲ ಆಗುವುದು ನಮ್ಮ ಜಮಾಅತ್‌ನ ಮನೆಗಳಿಗೇ ಅಲ್ಲವೇ?

ಯಾವ ಪರೀಕ್ಷೆ ಯಾರಿಗೆ?

ಎಲ್ಲರಿಗೂ ಗೊತ್ತಿರುವ ಹೆಸರು ಐಇಎಲ್‌ಟಿಎಸ್. 1989ರಿಂದ ಈ ಹೆಸರಿನಲ್ಲಿ ನಡೆಯುತ್ತಿದೆ. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾ ಮೂಲದ ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆ ಇದರ ಒಡೆಯರು. 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ತನ್ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು ಐಡಿಪಿಗೆ ಮಾರಿದ್ದರಿಂದ ಈಗ ನಮ್ಮ ದೇಶದಲ್ಲಿ ನಡೆಸುವುದು ಐಡಿಪಿ. ಒಂದು ಸಲ ಬರೆಯಲು 17 ಸಾವಿರ ರೂಪಾಯಿಗಿಂತ ಹೆಚ್ಚು ಆಗುತ್ತದೆ.

ಇದರಲ್ಲಿ ಎರಡು ಬಗೆ. ಕಾಲೇಜು, ಯೂನಿವರ್ಸಿಟಿಗೆ ಅಕಾಡೆಮಿಕ್. ಕೆಲಸ, ವಲಸೆಗೆ ಹೆಚ್ಚಾಗಿ ಜನರಲ್ ಟ್ರೈನಿಂಗ್. ಬ್ರಿಟನ್‌ನ ಕೆಲವು ವೀಸಾಗಳಿಗೆ ಸಾಮಾನ್ಯ ಐಇಎಲ್‌ಟಿಎಸ್ ನಡೆಯುವುದಿಲ್ಲ, ‘ಐಇಎಲ್‌ಟಿಎಸ್ ಫಾರ್ ಯುಕೆವಿಐ’ ಅಂತ ಬೇರೆಯೇ ಬುಕ್ ಮಾಡಬೇಕು. ಪ್ರಶ್ನೆಗಳು ಒಂದೇ ಬಗೆಯವು, ಆದರೆ ಅಲ್ಲಿನ ಸರಕಾರ ಒಪ್ಪಿದ ಸೆಂಟರಿನಲ್ಲಿ ಬರೆದಿರಬೇಕು. ತಪ್ಪು ಬಗೆಯದ್ದು ಬರೆದರೆ ಅಂಕ ಎಷ್ಟೇ ಚೆನ್ನಾಗಿದ್ದರೂ ಆ ಕಾಗದ ವೀಸಾಕ್ಕೆ ಉಪಯೋಗಕ್ಕಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲು ಯೂನಿವರ್ಸಿಟಿಯದ್ದೋ ವೀಸಾ ಇಲಾಖೆಯದ್ದೋ ಸ್ವಂತ ವೆಬ್‌ಸೈಟಿನಲ್ಲಿ ಯಾವುದು ಬೇಕು ಅಂತ ನೋಡಿಕೊಳ್ಳಬೇಕು.

ಎರಡನೆಯದು ಒಇಟಿ. ಇದು ಡಾಕ್ಟರು, ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಹೀಗೆ ಆರೋಗ್ಯ ಕ್ಷೇತ್ರದ 12 ಕಸುಬುಗಳವರಿಗೆ. ಇಲ್ಲಿ ನರ್ಸ್ ಆದವಳು ರೋಗಿಯ ಜೊತೆ ಮಾತಾಡುವ ಹಾಗೆ ಮಾತಾಡಬೇಕು, ಡಿಸ್ಚಾರ್ಜ್ ಅಥವಾ ರೆಫರಲ್ ಪತ್ರ ಬರೆಯಬೇಕು. ಬ್ರಿಟನ್‌ನ ನರ್ಸಿಂಗ್ ಕೌನ್ಸಿಲ್ ಐಇಎಲ್‌ಟಿಎಸ್ ಆದರೆ ಓದು, ಕೇಳು, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5 ಕೇಳುತ್ತದೆ. ಒಇಟಿ ಆದರೆ ಆ ಮೂರರಲ್ಲಿ 350, ಬರವಣಿಗೆಯಲ್ಲಿ 300. ವಾರ್ಡಿನಲ್ಲಿ ಕೆಲಸ ಮಾಡಿದ ಹುಡುಗಿಗೆ ಹವಾಮಾನ ಬದಲಾವಣೆಯ ಬಗ್ಗೆ ಪ್ರಬಂಧ ಬರೆಯುವುದಕ್ಕಿಂತ ರೋಗಿಯ ಬಗ್ಗೆ ಪತ್ರ ಬರೆಯುವುದು ಸುಲಭ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ನಮ್ಮ ಹೆಣ್ಣುಮಕ್ಕಳಿಗೆ ಈ ಎರಡನೇ ದಾರಿ ಉಂಟು ಅಂತ ಗೊತ್ತಿರಬೇಕು.

ಮೂರನೆಯದು ಪಿಟಿಇ. ಪಿಯರ್‌ಸನ್ ಕಂಪೆನಿಯದ್ದು. ಸುಮಾರು ಎರಡು ಗಂಟೆ, ಎಲ್ಲ ಕಂಪ್ಯೂಟರಿನಲ್ಲಿ, ಮಾತಾಡುವುದೂ ಮೈಕ್‌ನಲ್ಲಿ. ಅಂಕ 10ರಿಂದ 90. ಆಸ್ಟ್ರೇಲಿಯಾಕ್ಕೆ ಹೋಗುವವರು ಹೆಚ್ಚಾಗಿ ಇದನ್ನು ಬರೆಯುತ್ತಾರೆ. ನಾಲ್ಕನೆಯದು ಅಮೆರಿಕದ ಇಟಿಎಸ್ ಸಂಸ್ಥೆಯ ಟೋಫೆಲ್, 1964ರಿಂದ ಇರುವ ಹಳೆಯ ಪರೀಕ್ಷೆ. ಇದಲ್ಲದೆ ಮನೆಯಲ್ಲೇ ಕುಳಿತು ಬರೆಯುವ ಡುಯೊಲಿಂಗೊ ಉಂಟು. ಕೆಲವು ಯೂನಿವರ್ಸಿಟಿಗಳು ಅದನ್ನು ಒಪ್ಪುತ್ತವೆ, ಆದರೆ ಬ್ರಿಟನ್‌ನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಅದು ನಡೆಯುವುದಿಲ್ಲ. ಅಗ್ಗ ಅಂತ ಆರಿಸಿದರೆ ಆಮೇಲೆ ಇನ್ನೊಂದು ಬರೆಯಬೇಕಾದೀತು.

‘ಓವರಾಲ್’ ಎಂಬ ಬಲೆ

ಐಇಎಲ್‌ಟಿಎಸ್‌ನಲ್ಲಿ ಪಾಸು, ಫೇಲು ಇಲ್ಲ. ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಪ್ರತಿಯೊಂದಕ್ಕೂ 0ರಿಂದ 9ರ ತನಕ ಅರ್ಧ ಅರ್ಧ ಮೆಟ್ಟಿಲಿನ ಬ್ಯಾಂಡ್. ನಾಲ್ಕರ ಸರಾಸರಿಯನ್ನು ಹತ್ತಿರದ ಅರ್ಧಕ್ಕೆ ತಂದರೆ ಓವರಾಲ್.

ಒಂದು ಲೆಕ್ಕ ನೋಡಿ. ಒಬ್ಬ ಹುಡುಗನಿಗೆ ಕೇಳುವುದರಲ್ಲಿ 7, ಓದಿನಲ್ಲಿ 6.5, ಬರವಣಿಗೆಯಲ್ಲಿ 5.5, ಮಾತಿನಲ್ಲಿ 6 ಬಂತು. ಒಟ್ಟು 25, ಸರಾಸರಿ 6.25. ಇದನ್ನು 6.5 ಅಂತ ಮಾಡುತ್ತಾರೆ. ಮನೆಯಲ್ಲಿ ಖುಷಿ, ಯೂನಿವರ್ಸಿಟಿ ಕೇಳಿದ್ದೂ 6.5. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಯಾವ ಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು’ ಅಂತ ಬರೆದಿದ್ದರೆ ಬರವಣಿಗೆಯ 5.5 ಅಡ್ಡ ಬರುತ್ತದೆ, ಸೀಟಿಲ್ಲ. ಅದೇ ಹುಡುಗನಿಗೆ ಮಾತಿನಲ್ಲೂ 5.5 ಬಂದಿದ್ದರೆ ಸರಾಸರಿ 6.125, ಓವರಾಲ್ 6ಕ್ಕೆ ಇಳಿಯುತ್ತದೆ. ಅರ್ಧ ಬ್ಯಾಂಡ್‌ಗೆ ಒಂದು ವರ್ಷ ಹೋಗುವುದು ಹೀಗೆ. ಆದ್ದರಿಂದ “ಎಷ್ಟು ಬೇಕು?” ಅಂತ ಕೇಳಿದರೆ ಸಾಲದು, “ಯಾವ ಭಾಗದಲ್ಲಿ ಎಷ್ಟು ಬೇಕು?” ಅಂತ ಕೇಳಬೇಕು.

ಇನ್ನೆರಡು ವಿಷಯ ಗೊತ್ತಿದ್ದರೆ ಹಣ ಉಳಿಯುತ್ತದೆ. ಅಂಕದ ಬಗ್ಗೆ ಸಂಶಯ ಇದ್ದರೆ ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು. ಬ್ಯಾಂಡ್ ಬದಲಾದರೆ ಅದಕ್ಕೆ ಕಟ್ಟಿದ ಹಣ ವಾಪಸ್. ಕಂಪ್ಯೂಟರಿನಲ್ಲಿ ಬರೆದವರಿಗೆ ಒಂದೇ ಭಾಗವನ್ನು 60 ದಿನದೊಳಗೆ ಮತ್ತೆ ಬರೆಯುವ ‘ಒನ್ ಸ್ಕಿಲ್ ರೀಟೇಕ್’ ಅಂತಲೂ ಉಂಟು. ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲ, ಮೊದಲೇ ವಿಚಾರಿಸಬೇಕು. ಮತ್ತೆ, ಈ ಅಂಕಪಟ್ಟಿಗೆ ಎರಡೇ ವರ್ಷ ಆಯುಷ್ಯ. ಡಿಗ್ರಿಯ ಎರಡನೇ ವರ್ಷದಲ್ಲೇ ಬರೆದಿಟ್ಟು, ಮುಗಿಸಿ ಅರ್ಜಿ ಹಾಕುವಾಗ ಅವಧಿ ಮುಗಿದಿದ್ದರೆ ಮತ್ತೆ ಮೊದಲಿನಿಂದ.

ಬಾಗಿಲು ಸಣ್ಣದಾಗುತ್ತಿದೆ

ಇಂಗ್ಲಿಷ್ ಪರೀಕ್ಷೆ ಅಂದರೆ ಭಾಷೆ ಅಳೆಯುವ ಕೋಲು ಮಾತ್ರ ಅಂತ ತಿಳಿಯಬಾರದು. ದೇಶಗಳಿಗೆ ಅದು ನಳ್ಳಿ ಇದ್ದ ಹಾಗೆ. ಜನ ಬೇಕಾದಾಗ ಸಡಿಲ, ಬೇಡವಾದಾಗ ಬಿಗಿ. ಕಳೆದ ಎರಡು ವರ್ಷಗಳ ಸುದ್ದಿ ನೋಡಿದರೆ ಇದು ಗೊತ್ತಾಗುತ್ತದೆ.

ಬ್ರಿಟನ್ 2024ರ ಜನವರಿಯಿಂದ, ಸಂಶೋಧನೆಯ ಕೋರ್ಸುಗಳನ್ನು ಬಿಟ್ಟರೆ, ಹೆಚ್ಚಿನ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. 2025ರ ಜುಲೈ 22ರಿಂದ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಜನ ತರಿಸುವುದನ್ನು ಮುಚ್ಚಿತು. 2026ರ ಜನವರಿ 8ರಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವವರ ಇಂಗ್ಲಿಷ್ ಮಟ್ಟವನ್ನು ಬಿ1ರಿಂದ ಬಿ2ಕ್ಕೆ ಏರಿಸಿತು. ಐಇಎಲ್‌ಟಿಎಸ್ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ನಾಲ್ಕೂ ಭಾಗಗಳಲ್ಲಿ 4 ಸಾಕಿತ್ತು, ಈಗ ನಾಲ್ಕೂ ಭಾಗಗಳಲ್ಲಿ 5.5 ಬೇಕು. ಇಲ್ಲಿ ಓವರಾಲ್ ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ. “ಕೇರ್ ವೀಸಾ ಉಂಟು, ಇಂಗ್ಲಿಷ್ ಸ್ವಲ್ಪ ಬಂದರೆ ಸಾಕು” ಅಂತ ಇನ್ನೂ ಹೇಳಿಕೊಂಡು ತಿರುಗುವವರಿದ್ದರೆ, ಅವರು ಮುಚ್ಚಿದ ಬಾಗಿಲಿನ ಕೀಲಿಕೈ ಮಾರುತ್ತಿದ್ದಾರೆ ಅಂತ ಅರ್ಥ.

ಕೆನಡಾದಲ್ಲೂ ಹಾಗೆಯೇ. ಭಾರತದ ವಿದ್ಯಾರ್ಥಿಗಳಿಗೆ ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆ 2024ರ ನವೆಂಬರ್ 8ಕ್ಕೆ ನಿಂತಿತು. ಅದೇ ನವೆಂಬರ್ 1ರಿಂದ, ಓದು ಮುಗಿಸಿ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕುವವರೂ ಭಾಷೆಯ ಪರೀಕ್ಷೆಯ ಅಂಕ ಕೊಡಬೇಕು. ಅದಕ್ಕೆ ಐಇಎಲ್‌ಟಿಎಸ್ ಅಕಾಡೆಮಿಕ್ ಆಗುವುದಿಲ್ಲ, ಜನರಲ್ ಬೇಕು. ಅಂದರೆ ಹೋಗುವಾಗ ಒಂದು ಪರೀಕ್ಷೆ, ಅಲ್ಲಿ ಎರಡು ವರ್ಷ ಓದಿದ ಮೇಲೆ ಇನ್ನೊಂದು. ಹೇಗಾದರೂ ಒಂದು ಸಲ ದಾಟಿದರೆ ಸಾಕು ಅನ್ನುವವರ ಲೆಕ್ಕ ಇಲ್ಲಿ ತಪ್ಪುತ್ತದೆ.

ಮದುವೆಯಾಗಿ ಹೋಗುವ ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಬ್ರಿಟನ್‌ನಲ್ಲಿ ನೆಲೆಸಿದ ಗಂಡನ ಬಳಿಗೆ ಸ್ಪೌಸ್ ವೀಸಾದಲ್ಲಿ ಹೋಗುವವಳು ಎ1 ಮಟ್ಟದಲ್ಲಿ ಕೇಳಿ ಮಾತಾಡುವ ಪರೀಕ್ಷೆ ಕೊಡಬೇಕು. ಕೆಲವು ವರ್ಷದ ನಂತರ ವೀಸಾ ಮುಂದುವರಿಸಲು ಎ2. ಎ1 ದೊಡ್ಡ ವಿಷಯ ಅಲ್ಲ: ಹೆಸರು, ಮನೆ, ಅಂಗಡಿ, ಡಾಕ್ಟರ ಹತ್ತಿರ ಹೇಳುವ ನಾಲ್ಕು ಮಾತು. ಆದರೆ ನಿಖಾಹ್ ಆದ ಮೇಲೆ ಈ ವಿಷಯ ಗೊತ್ತಾಗಿ ಹುಡುಗಿ ತಿಂಗಳುಗಟ್ಟಲೆ ತವರಿನಲ್ಲಿ ಕಾಯುವುದು ಯಾಕೆ? ಸಂಬಂಧ ಮಾತಾಡುವಾಗಲೇ ಇದನ್ನೂ ಮಾತಾಡಿದರೆ ಆಯಿತು.

ಅಡ್ಡದಾರಿಯ ಕೊನೆ ಎಲ್ಲಿ?

“ಪರೀಕ್ಷೆ ಬರೆಯದೆ ಬ್ಯಾಂಡ್ ಕೊಡಿಸುತ್ತೇವೆ” ಎಂಬ ಸಂದೇಶ ವಾಟ್ಸಾಪಿನಲ್ಲಿ ತಿರುಗುತ್ತದೆ. ಕೆಲವರು ಅದಕ್ಕೆ ಲಕ್ಷಗಟ್ಟಲೆ ಕೊಡಲೂ ತಯಾರು. ಇದರ ಕೊನೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆ ಸಾಕು.

2022ರಲ್ಲಿ ಗುಜರಾತಿನ ಆರು ಯುವಕರು ಕೆನಡಾದಿಂದ ದೋಣಿಯಲ್ಲಿ ಅಮೆರಿಕಕ್ಕೆ ನುಸುಳಲು ಹೋಗಿ ಸಿಕ್ಕಿಬಿದ್ದರು. ಅವರ ಕೈಯಲ್ಲಿದ್ದ ಐಇಎಲ್‌ಟಿಎಸ್ ಅಂಕ 6.5ರಿಂದ 7. ಆದರೆ ಅಮೆರಿಕದ ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸಲು ಆಗಲಿಲ್ಲ, ಹಿಂದಿ ದುಭಾಷಿ ಬೇಕಾಯಿತು. ಆ ಅಂಕ ಹೇಗೆ ಬಂತು ಅಂತ ಮೆಹ್ಸಾಣಾ ಪೊಲೀಸರು ತನಿಖೆಗೆ ಇಳಿದರು.

ಎರಡನೆಯದು ಇನ್ನೂ ನೋವಿನದ್ದು. 2014ರ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಬ್ರಿಟನ್‌ನ ಕೆಲವು ಸೆಂಟರುಗಳಲ್ಲಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಬೇರೆಯವರಿಂದ ಬರೆಸುತ್ತಿದ್ದುದನ್ನು ಗುಟ್ಟಾಗಿ ಚಿತ್ರೀಕರಿಸಿ ತೋರಿಸಿತು. ಪರೀಕ್ಷೆ ನಡೆಸಿದ ಇಟಿಎಸ್ ಆಮೇಲೆ 58 ಸಾವಿರಕ್ಕೂ ಹೆಚ್ಚು ಫಲಿತಾಂಶಗಳನ್ನು ಪರಿಶೀಲಿಸಿ ನೂರಕ್ಕೆ 97ನ್ನು ಸಂಶಯದ್ದು ಅಂತ ಹೇಳಿತು. ಸಾವಿರಾರು ವಿದ್ಯಾರ್ಥಿಗಳ ವೀಸಾ ಹೋಯಿತು. ಅವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದ ಮಕ್ಕಳು ತುಂಬ. ಹಲವರು ನಾವು ಮೋಸ ಮಾಡಲಿಲ್ಲ ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆದರು, ಕೆಲವರು ಗೆದ್ದರು. ನಿರಪರಾಧಿಗಳನ್ನು ಕಾಪಾಡುವುದರಲ್ಲಿ ಗೃಹ ಇಲಾಖೆ ಸಾಕಷ್ಟು ಜಾಗ್ರತೆ ವಹಿಸಲಿಲ್ಲ ಅಂತ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2019ರಲ್ಲಿ ಹೇಳಿತು. ಕೆಲವರು ಮಾಡಿದ ಮೋಸಕ್ಕೆ ಪ್ರಾಮಾಣಿಕರೂ ಬೆಲೆ ತೆತ್ತರು.

ವ್ಯಾಪಾರದಲ್ಲಿ ಒದ್ದೆ ಧಾನ್ಯವನ್ನು ಒಣಗಿದ್ದರ ಕೆಳಗೆ ಬಚ್ಚಿಟ್ಟವನನ್ನು ಪ್ರವಾದಿ(ಸ)ಯವರು ತಮ್ಮವನೆಂದು ಒಪ್ಪಲಿಲ್ಲ ಎಂಬುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಬಾರದ ಇಂಗ್ಲಿಷಿನ ಮೇಲೆ ಬಂದ ಹಾಗೆ ತೋರಿಸುವ ಅಂಕಪಟ್ಟಿ ಹೊದಿಸುವುದೂ ಅದೇ ಅಲ್ಲವೇ? ನರ್ಸ್ ಒಬ್ಬಳು ಹಾಗೆ ಹೋಗಿ ಔಷಧಿಯ ಪ್ರಮಾಣವನ್ನು ತಪ್ಪಾಗಿ ಓದಿದರೆ ಅದು ಒಂದು ಜೀವದ ಪ್ರಶ್ನೆ.

ಪಂಜಾಬಿನಲ್ಲಿ ಇದು ಮದುವೆಯ ತನಕ ಹೋಗಿದೆ. ಒಳ್ಳೆ ಬ್ಯಾಂಡ್ ಬಂದ ಹುಡುಗಿಯ ಓದಿನ ಖರ್ಚನ್ನು ಹುಡುಗನ ಮನೆಯವರು ಹಾಕಿ, ಅವಳ ಹಿಂದೆ ಮಗ ಕೆನಡಾ ಸೇರುವ ಒಪ್ಪಂದದ ಮದುವೆಗಳು. ಎಷ್ಟೋ ಪೊಲೀಸ್ ಸ್ಟೇಷನ್ನಿನಲ್ಲಿ ಕೊನೆಯಾದವು. ಆಮೇಲೆ ಕೆನಡಾ ಸಂಗಾತಿಯ ವರ್ಕ್ ಪರ್ಮಿಟ್ಟನ್ನೂ ಬಿಗಿ ಮಾಡಿತು. ನಮ್ಮಲ್ಲಿ ಆ ಗಾಳಿ ಬೀಸುವ ಮೊದಲೇ ಜಮಾಅತ್‌ನ ಹಿರಿಯರು ಎಚ್ಚರ ಇರಬೇಕು.

ನಮ್ಮ ಮಕ್ಕಳು ಸೋಲುವುದು ಎಲ್ಲಿ?

ನಮ್ಮ ಮಕ್ಕಳಿಗೆ ಭಾಷೆ ಕಲಿಯುವ ತಲೆ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಅರಬಿ-ಮಲಯಾಳ ಲಿಪಿಯ ಕಿತಾಬು, ಟಿವಿಯಲ್ಲಿ ಹಿಂದಿ. ಹತ್ತು ವರ್ಷದ ಮಗು ಐದು ಭಾಷೆಯ ನಡುವೆ ಓಡಾಡುತ್ತದೆ. ಸೋಲುವುದು ಬರವಣಿಗೆಯಲ್ಲಿ.

ಅದಕ್ಕೆ ಕಾರಣ ಉಂಟು. ಬರವಣಿಗೆಗೆ ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದು ಕನಿಷ್ಠ 150 ಪದ, ಎರಡನೆಯದು 250 ಪದ. ಎರಡನೆಯದಕ್ಕೆ ಇಮ್ಮಡಿ ತೂಕ. ಅಲ್ಲಿ ಒಂದು ವಿಷಯ ಕೊಟ್ಟು ನಿಮ್ಮ ಅಭಿಪ್ರಾಯ ಏನು, ಯಾಕೆ ಅಂತ ಕೇಳುತ್ತಾರೆ. ನಮ್ಮ ಶಾಲೆಗಳಲ್ಲಿ ಪ್ರಬಂಧ ಅಂದರೆ ಗೈಡ್ ನೋಡಿ ಬಾಯಿಪಾಠ ಮಾಡಿ ಬರೆಯುವುದು. ಬಾಯಿಪಾಠ ದೊಡ್ಡ ವಿದ್ಯೆಯೇ, ಹಿಫ್ಳ್ ಮಾಡಿಸುವವರಿಗೆ ಅದರ ಬೆಲೆ ಗೊತ್ತು. ಆದರೆ ಈ ಪರೀಕ್ಷೆಯಲ್ಲಿ ಬಾಯಿಪಾಠದ ಉತ್ತರ ಅಂತ ಗೊತ್ತಾದರೆ ಅಂಕ ಕಳೆಯುತ್ತಾರೆ. ಸ್ವಂತ ಅಭಿಪ್ರಾಯ ಹೇಳಿ, ಅದಕ್ಕೆ ಕಾರಣ ಕೊಟ್ಟು, ಎದುರು ಮಾತನ್ನೂ ಗಮನಿಸಿ ನಾಲ್ಕು ಪ್ಯಾರಾ ಬರೆಯುವ ಅಭ್ಯಾಸ ಬೇಕು. ಅದು ಎರಡು ತಿಂಗಳ ಕೋಚಿಂಗಿನಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಹಾಗೆ ಬರೆಯಲು ಬಾರದವನಿಗೆ ಇಂಗ್ಲಿಷಿನಲ್ಲೂ ಬರಲಿಕ್ಕಿಲ್ಲ.

ಕೇಳುವುದು ಮತ್ತು ಓದುವುದರಲ್ಲಿ 40-40 ಪ್ರಶ್ನೆ. ಅಕಾಡೆಮಿಕ್‌ನಲ್ಲಿ ಸುಮಾರು 23 ಸರಿಯಾದರೆ 6, ಸುಮಾರು 30 ಸರಿಯಾದರೆ 7. ಸ್ಪೆಲ್ಲಿಂಗ್ ತಪ್ಪಿದರೆ ಉತ್ತರವೇ ತಪ್ಪು. ಮಾತಾಡುವ ಭಾಗ 11ರಿಂದ 14 ನಿಮಿಷ. ಇಲ್ಲಿ ಹೆದರಿಕೆ ಬೇಡ. ಇಂಗ್ಲಿಷಿನವರ ಹಾಗೆ ನಾಲಗೆ ತಿರುಗಿಸಬೇಕಾಗಿಲ್ಲ, ಸ್ಪಷ್ಟವಾಗಿ ಕೇಳಿಸಬೇಕು. ಮಂಗಳೂರಿನ ಧಾಟಿ ತಪ್ಪಲ್ಲ. ನಿಲ್ಲಿಸದೆ ವಿಷಯ ಮುಂದುವರಿಸಿದರೆ ಅಂಕ ಬರುತ್ತದೆ.

ಮನೆ ಮತ್ತು ಜಮಾಅತ್ ಮಾಡಬಹುದಾದದ್ದು

ಹಣ ಕಟ್ಟುವ ಮೊದಲು ಮನೆಯವರು ಒಂದು ಕಾಗದದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಲಿ. ಯಾವ ದೇಶ, ಯಾವ ವೀಸಾ? ಅದಕ್ಕೆ ಯಾವ ಪರೀಕ್ಷೆ, ಯಾವ ಬಗೆ? ಪ್ರತಿ ಭಾಗದಲ್ಲಿ ಎಷ್ಟು ಅಂಕ? ಮಗು ಈಗ ಮನೆಯಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬರೆದರೆ ಎಷ್ಟು ಬರುತ್ತದೆ? ಬೇಕಾದದ್ದು 6.5, ಬರುತ್ತಿರುವುದು 4.5 ಅಂತಾದರೆ ಈ ವರ್ಷದ ಸೀಟಿಗೆ ಅಡ್ವಾನ್ಸ್ ಕಟ್ಟುವುದು, ಉಮ್ಮಳ ಚಿನ್ನ ಅಡವಿಡುವುದು ಬೇಡ. ಒಂದು ವರ್ಷ ಕಲಿಯಲಿ. ಬ್ರಿಟನ್‌ನ ಕೆಲವು ಯೂನಿವರ್ಸಿಟಿಗಳು ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ, ಅದನ್ನೂ ವಿಚಾರಿಸಲಿ. ಪಿಯುಸಿಯ ಇಂಗ್ಲಿಷನ್ನು ‘ಪಾಸಾದರೆ ಸಾಕು’ ಅಂತ ಬಿಡುವವರು ಇದನ್ನು ನೆನಪಿಡಬೇಕು.

ಕೆಲಸಕ್ಕೆ ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಇ-ಮೈಗ್ರೇಟ್ ತಾಣದಲ್ಲಿ ಹೆಸರು ನೋಡಬಹುದು. ಆದರೆ ಓದಿಗೆ ಕಳಿಸುವ ಕನ್ಸಲ್ಟೆನ್ಸಿಗಳು ಈ ಕಾಯ್ದೆಯೊಳಗೆ ಬರುವುದಿಲ್ಲ. ಪಂಜಾಬ್ ತನ್ನದೇ ಕಾಯ್ದೆ ಮಾಡಿ ಟ್ರಾವೆಲ್ ಏಜೆಂಟರಿಗೂ ಐಇಎಲ್‌ಟಿಎಸ್ ಕೋಚಿಂಗ್ ಸೆಂಟರುಗಳಿಗೂ ಲೈಸೆನ್ಸ್ ಕಡ್ಡಾಯ ಮಾಡಿತು. ಕರಾವಳಿಯ ಜನಪ್ರತಿನಿಧಿಗಳಲ್ಲಿ ನಾವು ಕೇಳಬೇಕಾದ ವಿಷಯ ಇದು.

ಜಮಾಅತ್ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸವೂ ಉಂಟು. ಮದ್ರಸ ಕಟ್ಟಡ ಬೆಳಗ್ಗಿನ ತರಗತಿ ಮುಗಿದ ಮೇಲೆ ಖಾಲಿ. ಅಲ್ಲಿ ಸಂಜೆ ಒಂದು ಓದುವ ಕೋಣೆ, ಒಂದು ಇಂಗ್ಲಿಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆ, ವಾರಕ್ಕೊಂದು ದಿನ ಡಿಗ್ರಿ ಓದಿದ ಊರಿನ ಹುಡುಗ ಹುಡುಗಿಯರು ಹೈಸ್ಕೂಲ್ ಮಕ್ಕಳಿಂದ ಅರ್ಧ ಪುಟ ಬರೆಸಿ ತಿದ್ದಿದರೆ ಸಾಕು. ಎಂಟನೇ ತರಗತಿಯಿಂದ ಹಾಗೆ ಬರೆದ ಮಗುವಿಗೆ ಪಿಯುಸಿ ಮುಗಿಯುವಾಗ ಯಾವ ಬ್ಯಾಂಡಿನ ಹೆದರಿಕೆಯೂ ಇರದು. ವಿದೇಶಕ್ಕೆ ಹೋಗದಿದ್ದರೂ ಆ ವಿದ್ಯೆ ವ್ಯರ್ಥವಾಗುವುದಿಲ್ಲ.

ಮದೀನಾದಲ್ಲಿ ಪ್ರವಾದಿ(ಸ)ಯವರು ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಗಳ ಬರಹ ಕಲಿಯಲು ಹೇಳಿದ ಘಟನೆ ನಮಗೆಲ್ಲ ಗೊತ್ತು. ಬಂದ ಪತ್ರವನ್ನು ಓದಲಿಕ್ಕೂ ಕಳಿಸುವ ಪತ್ರವನ್ನು ಬರೆಯಲಿಕ್ಕೂ ಬೇರೆಯವರನ್ನು ನಂಬಿ ಕೂರುವುದು ಬೇಡ ಎಂಬುದು ಅದರ ಹಿಂದಿನ ಉದ್ದೇಶ. ಝೈದ್(ರ) ಕೆಲವೇ ದಿನಗಳಲ್ಲಿ ಕಲಿತರು. ಇಂದು ನಮ್ಮ ಎಷ್ಟೋ ಮನೆಗಳಿಗೆ ಆಫರ್ ಲೆಟರ್, ಬಾಂಡ್, ಫೀಸು ವಾಪಸಿನ ಷರತ್ತು ಎಲ್ಲ ಇಂಗ್ಲಿಷಿನಲ್ಲಿ ಬರುತ್ತದೆ, ಅದನ್ನು ಓದಿ ಹೇಳುವವನು ಹಣ ಪಡೆಯುವ ಏಜೆಂಟನೇ. ಮಗ ಅಥವಾ ಮಗಳು ಆ ಕಾಗದವನ್ನು ತಾವೇ ಓದಿ, ಉಪ್ಪನಿಗೆ ಮನೆ ಭಾಷೆಯಲ್ಲಿ ಸಾಲು ಸಾಲಾಗಿ ಅರ್ಥ ಹೇಳಲಿ. ಅದು ಆಗುವ ದಿನ ಮಗು ಪರೀಕ್ಷೆಗೂ ತಯಾರು, ಪ್ರಯಾಣಕ್ಕೂ ತಯಾರು. ಅಲ್ಲಿಯ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.